ಲ್ಯಾಪ್‌ಟಾಪಿನ ಒಂದೇ ಹೆಡ್‌ಸೆಟ್ ಜ್ಯಾಕ್‌ಗೆ ಹೊರಗಿನ ಮೈಕ್ ಹಾಕಿದರೆ ದನಿ ದಾಖಲಾಗುತ್ತಿಲ್ಲ

ಓದುದನಿ
ಎಲ್ಲರಿಗೂ ನಮಸ್ಕಾರ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ ಹಿಡಿದಿದ್ದೇನೆ. ಲ್ಯಾಪ್‌ಟಾಪಿನ ಒಳಗಿನ ಮೈಕ್‌ನಲ್ಲಿ ಫ್ಯಾನ್ ಸದ್ದು, ಕೀಬೋರ್ಡಿನ ಟಕಟಕ ಎಲ್ಲವೂ ಸೇರಿಕೊಳ್ಳುತ್ತದೆ ಎಂದು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ತಂದೆ. ಕ್ಯಾಮೆರಾಗೆ ಹಾಕಿದರೆ ದನಿ ಸ್ಪಷ್ಟವಾಗಿ ಬರುತ್ತದೆ, ಲ್ಯಾಪ್‌ಟಾಪಿಗೆ ಹಾಕಿದರೆ ಏನೂ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಮೈಕ್‌ಗೆಂದು ಬೇರೆ ಜ್ಯಾಕ್ ಇಲ್ಲ. ಹೆಡ್‌ಫೋನ್‌ಗೂ ಮೈಕ್‌ಗೂ ಸೇರಿ ಒಂದೇ ಇದೆ. ಪಿನ್ ತೂರಿಸಿದ ಕ್ಷಣ ಸ್ಪೀಕರ್ ಸದ್ದು ನಿಲ್ಲುತ್ತದೆ, ಅಂದರೆ ಏನನ್ನೋ ಸಿಕ್ಕಿಸಿದ್ದಾರೆ ಎಂಬುದು ಕಂಪ್ಯೂಟರಿಗೆ ತಿಳಿಯುತ್ತಿದೆ. ಆದರೆ ಇನ್‌ಪುಟ್ ಪಟ್ಟಿಯಲ್ಲಿ ಹೊಸ ಮೈಕ್ ಕಾಣಿಸುವುದೇ ಇಲ್ಲ. ಡ್ರೈವರ್ (ಆಡಿಯೊ ಚಿಪ್ ನಡೆಸುವ ತಂತ್ರಾಂಶ) ತೆಗೆದು ಮತ್ತೆ ಹಾಕಿಯೂ ಆಯಿತು. ವಿಂಡೋಸ್ 11. ಪರೀಕ್ಷೆಗೆ ಮುಂಚೆ ಪಾಠಗಳು ಮಕ್ಕಳ ಕೈ ಸೇರಬೇಕು. ದಯವಿಟ್ಟು ದಾರಿ ತೋರಿಸಿ.

ನೀಲಿಪರದೆ
ವಿಂಡೋಸ್ ತಾನಾಗಿ ಹಾಕುವ ಡ್ರೈವರ್ ಬೇಡ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾದರಿಯದೇ ಆಡಿಯೊ ಡ್ರೈವರ್ ಇಳಿಸಿಕೊಳ್ಳಿ. ರಿಯಲ್‌ಟೆಕ್ ಚಿಪ್ ಆಗಿದ್ದರೆ ರಿಯಲ್‌ಟೆಕ್ ಆಡಿಯೊ ಕನ್ಸೋಲ್ ಎಂಬ ಆ್ಯಪ್ ಕೂಡ ಬೇಕು. ಪಿನ್ ಹಾಕಿದಾಗ ‘ಯಾವ ಸಾಧನ ಜೋಡಿಸಿದಿರಿ’ ಎಂದು ಕೇಳುವುದು ಅದೇ. ಅಲ್ಲಿ ಹೆಡ್‌ಸೆಟ್ ಅಥವಾ ಮೈಕ್ ಎಂದು ಆರಿಸಿದರೆ ಮುಗಿಯಿತು. 

ಬೆಸುಗೆಕಡ್ಡಿ
ಡ್ರೈವರ್ ಸ್ವಲ್ಪ ಹೊತ್ತು ಹಾಗೇ ಇರಲಿ. ಓದುದನಿಯವರೇ, ಮೈಕ್‌ನ ಪಿನ್ ಬೆಳಕಿಗೆ ಹಿಡಿದು ಅದರ ಮೇಲಿರುವ ಕಪ್ಪು ಪಟ್ಟಿಗಳನ್ನು ಎಣಿಸಿ ಹೇಳಿ. ಎರಡೋ ಮೂರೋ?

ಓದುದನಿ
ಎರಡು.

ಬೆಸುಗೆಕಡ್ಡಿ
ಹಾಗಾದರೆ ತೊಡಕು ಅಲ್ಲೇ ಇದೆ. ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ ಮತ್ತು ಪ್ರತಿ ಸಲವೂ ಜನ ಡ್ರೈವರ್ ಹಿಂದೆ ಓಡುತ್ತಾರೆ.

ಪಟ್ಟಿ ಎಂದರೆ ಲೋಹದ ಭಾಗಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್. ಎರಡು ಪಟ್ಟಿ ಇದ್ದರೆ ಪಿನ್‌ನಲ್ಲಿ ಮೂರು ಲೋಹದ ಭಾಗಗಳು. ಇದನ್ನು ಟಿಆರ್‌ಎಸ್ ಎನ್ನುತ್ತಾರೆ. ಮೂರು ಪಟ್ಟಿ ಇದ್ದರೆ ನಾಲ್ಕು ಭಾಗಗಳು, ಟಿಆರ್‌ಆರ್‌ಎಸ್. ನಿಮ್ಮ ಲ್ಯಾಪ್‌ಟಾಪಿನ ಜ್ಯಾಕ್ ನಾಲ್ಕು ಭಾಗದ ಪಿನ್‌ಗಾಗಿ ಮಾಡಿದ್ದು. ಈಗ ಬರುವ ಲ್ಯಾಪ್‌ಟಾಪ್‌ಗಳಲ್ಲಿ ತುದಿಯ ಭಾಗ ಎಡ ಕಿವಿಗೆ, ಅದರ ಹಿಂದಿನದು ಬಲ ಕಿವಿಗೆ, ಮೂರನೆಯದು ಗ್ರೌಂಡ್ (ವಿದ್ಯುತ್ ಮರಳುವ ಸಾಮಾನ್ಯ ದಾರಿ), ಬುಡದಲ್ಲಿರುವುದು ಮೈಕ್‌ಗೆ. ಈ ಜೋಡಣೆಯ ಹೆಸರು ಸಿಟಿಐಎ.

ಕ್ಯಾಮೆರಾಗೆಂದು ಮಾಡಿದ ಮೈಕ್‌ನಲ್ಲಿ ದನಿ ಬರುವುದು ಪಿನ್‌ನ ತುದಿಯಲ್ಲಿ, ಬುಡದ ಉದ್ದನೆಯ ಭಾಗ ಪೂರ್ತಿ ಗ್ರೌಂಡ್. ಅದನ್ನು ಲ್ಯಾಪ್‌ಟಾಪಿಗೆ ತೂರಿಸಿದಾಗ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಮೈಕ್‌ನ ದನಿ ಎಡ ಕಿವಿಯ ತಂತಿಗೆ ಹೋಗಿ ಸೇರುತ್ತದೆ, ಆ ತಂತಿ ಏನಿದ್ದರೂ ಹೊರಗೆ ಕಳಿಸುವುದೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಇತ್ತ ಪಿನ್‌ನ ಉದ್ದನೆಯ ಬುಡ, ಜ್ಯಾಕ್‌ನ ಗ್ರೌಂಡ್ ಮತ್ತು ಮೈಕ್ ಎರಡೂ ಕಾಂಟ್ಯಾಕ್ಟ್‌ಗಳನ್ನು ಒಟ್ಟಿಗೆ ಮುಟ್ಟಿ ಶಾರ್ಟ್ ಮಾಡುತ್ತದೆ. ಮೈಕ್ ತಂತಿ ಗ್ರೌಂಡ್‌ಗೆ ಶಾರ್ಟ್ ಆಗಿದ್ದನ್ನು ಕಂಡ ಆಡಿಯೊ ಚಿಪ್ ‘ಇದು ಬರಿಯ ಹೆಡ್‌ಫೋನ್’ ಎಂದು ತೀರ್ಮಾನಿಸುತ್ತದೆ. ಸ್ಪೀಕರ್ ನಿಲ್ಲುವುದಕ್ಕೂ ಇನ್‌ಪುಟ್ ಪಟ್ಟಿಯಲ್ಲಿ ಮೈಕ್ ಬಾರದಿರುವುದಕ್ಕೂ ಕಾರಣ ಇದೇ. ಚಿಪ್ ತನಗೆ ಕಂಡದ್ದನ್ನು ಸರಿಯಾಗಿಯೇ ಓದುತ್ತಿದೆ. ಯಾವ ಡ್ರೈವರ್ ಹಾಕಿದರೂ ತಂತಿಯ ದಾರಿ ಬದಲಾಗುವುದಿಲ್ಲ.

ಬೇಕಿರುವುದು ಟಿಆರ್‌ಎಸ್‌ನಿಂದ ಟಿಆರ್‌ಆರ್‌ಎಸ್‌ಗೆ ಹೋಗುವ ಸಣ್ಣ ಅಡಾಪ್ಟರ್, ಅಥವಾ ಹೆಡ್‌ಫೋನ್‌ಗೂ ಮೈಕ್‌ಗೂ ಬೇರೆ ಬೇರೆ ಸಾಕೆಟ್ ಇರುವ ವೈ ಆಕಾರದ ಸ್ಪ್ಲಿಟರ್.

ಮಳೆಬಿಲ್ಲು
ಇಷ್ಟು ತಿಳಿಯಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ ಸರ್.

ನೀಲಿಪರದೆ
ಒಪ್ಪುತ್ತೇನೆ, ಆದರೆ ‘ಯಾವ ಡ್ರೈವರ್ ಹಾಕಿದರೂ’ ಎನ್ನುವುದು ಎಲ್ಲ ಲ್ಯಾಪ್‌ಟಾಪಿಗೂ ಹೊಂದುವುದಿಲ್ಲ. ಕೆಲವು ಆಡಿಯೊ ಚಿಪ್‌ಗಳು ಜ್ಯಾಕ್‌ನ ಕಾಂಟ್ಯಾಕ್ಟ್‌ಗಳ ಕೆಲಸವನ್ನು ಒಳಗೇ ಬದಲಾಯಿಸಬಲ್ಲವು. ಅಂಥ ಕಡೆ ಆ ಪಾಪ್‌ಅಪ್‌ನಲ್ಲಿ ಮೈಕ್ ಎಂದು ಆರಿಸಿದರೆ ತುದಿಯ ಭಾಗವೇ ಮೈಕ್ ಇನ್‌ಪುಟ್ ಆಗುತ್ತದೆ, ಎರಡು ಪಟ್ಟಿಯ ಮೈಕ್ ನೇರವಾಗಿ ಕೆಲಸ ಮಾಡುತ್ತದೆ. ಆ ಆಯ್ಕೆ ಕಾಣಿಸಬೇಕಾದರೆ ಸರಿಯಾದ ಡ್ರೈವರ್ ಇರಲೇಬೇಕು. ಅಡಾಪ್ಟರ್‌ಗೆ ಹಣ ಕೊಡುವ ಮುಂಚೆ ಅದನ್ನೊಮ್ಮೆ ನೋಡುವುದರಲ್ಲಿ ನಷ್ಟವೇನು?

ಬೆಸುಗೆಕಡ್ಡಿ
ನಷ್ಟ ಏನಿಲ್ಲ, ನೋಡಲಿ. ಆ ಸೌಲಭ್ಯ ಇರುವ ಯಂತ್ರಗಳಲ್ಲಿ ನೀವು ಹೇಳಿದ್ದು ನಿಜ. ಅವರಿಗೆ ಪಾಪ್‌ಅಪ್ ಬಂತೆಂದು ಎಲ್ಲೂ ಹೇಳದ ಕಾರಣ ನಾನು ಅಡಾಪ್ಟರ್ ಕಡೆಗೆ ಹೋದೆ.

ಪೆಂಗ್ವಿನ್ ಬಳಗ
ಲಿನಕ್ಸ್ ಬಳಸುವವರಿಗೂ ಇದೇ ಮಾತು. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಕೆಲವು ಲ್ಯಾಪ್‌ಟಾಪ್‌ಗಳು ಪಿನ್ ಹಾಕಿದಾಗ ಹೆಡ್‌ಫೋನ್, ಹೆಡ್‌ಸೆಟ್, ಮೈಕ್ರೊಫೋನ್ ಎಂಬ ಮೂರು ಆಯ್ಕೆ ತೋರಿಸುತ್ತವೆ. ಬಾರದಿದ್ದರೆ ಪಾವುಕಂಟ್ರೋಲ್ ಎಂಬ ದನಿ ನಿಯಂತ್ರಣದ ಆ್ಯಪ್ ತೆರೆದು ಇನ್‌ಪುಟ್ ವಿಭಾಗದಲ್ಲಿ ಪೋರ್ಟ್ ನೋಡಿ. ‘ಹೆಡ್‌ಸೆಟ್ ಮೈಕ್ರೊಫೋನ್’ ಎಂದರೆ ನಾಲ್ಕು ಭಾಗದ ಪಿನ್, ಬರಿಯ ‘ಮೈಕ್ರೊಫೋನ್’ ಅಥವಾ ‘ಹೆಡ್‌ಫೋನ್ ಮೈಕ್’ ಎಂದರೆ ನೀಲಿಪರದೆಯವರು ಹೇಳಿದ ಹಾಗೆ ಮೂರು ಭಾಗದ ಮೈಕ್. ಆಲ್ಸಾಮಿಕ್ಸರ್‌ನಲ್ಲಿ ಎಫ್4 ಒತ್ತಿದರೆ ಕ್ಯಾಪ್ಚರ್ ಮಟ್ಟಗಳು, ಅಂದರೆ ಮೈಕ್ ದಾಖಲಿಸುವ ದನಿಯ ಮಟ್ಟಗಳು, ಕಾಣುತ್ತವೆ, ಅಲ್ಲಿ ಸೊನ್ನೆಯಲ್ಲಿ ಬಿದ್ದಿದೆಯೋ ಎಂದು ಮೊದಲು ನೋಡಿ.

ಪೋರ್ಟ್ ಹೆಸರೇ ಇಲ್ಲದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಆ ಮಾದರಿಯ ಜೋಡಣೆ ಗೊತ್ತಿಲ್ಲ ಎಂದು ಅರ್ಥ. ಎಚ್‌ಡಿಎ ಜ್ಯಾಕ್ ರೀಟಾಸ್ಕ್ ಎಂಬ ಉಪಕರಣದಲ್ಲಿ ಯಾವ ಪಿನ್ ಯಾವ ಕೆಲಸಕ್ಕೆ ಎಂದು ಬರೆದುಕೊಡಬಹುದು.

ತರಗತಿಕೋಣೆ
ಒಂದು ಪಕ್ಕದ ಪ್ರಶ್ನೆ. ನನ್ನ ಹಳೆಯ ಇಯರ್‌ಫೋನ್‌ನಲ್ಲಿ ಮೂರು ಪಟ್ಟಿ ಇವೆ, ಮೈಕ್ ಕೂಡ ಇದೆ. ಈಗಿನ ಲ್ಯಾಪ್‌ಟಾಪಿಗೆ ಹಾಕಿದರೆ ಹಾಡಿನ ವಾದ್ಯಗಳು ಕೇಳುತ್ತವೆ, ಹಾಡುವವರ ದನಿ ಬಾವಿಯೊಳಗಿಂದ ಬಂದ ಹಾಗೆ ಕ್ಷೀಣ. ಮೈಕ್ ಬಳಿಯ ಗುಂಡಿ ಒತ್ತಿ ಹಿಡಿದರೆ ಎಲ್ಲ ಸರಿಯಾಗುತ್ತದೆ, ಬಿಟ್ಟರೆ ಮತ್ತೆ ಅದೇ. ಯಾಕೆ?

ಬೆಸುಗೆಕಡ್ಡಿ
ಅದು ಒಎಂಟಿಪಿ ಜೋಡಣೆಯ ಇಯರ್‌ಫೋನ್. ಪಟ್ಟಿಗಳು ಮೂರೇ ಇದ್ದರೂ ಗ್ರೌಂಡ್ ಮತ್ತು ಮೈಕ್ ಜಾಗ ಅದಲುಬದಲಾಗಿವೆ. ಸಿಟಿಐಎ ಜ್ಯಾಕ್‌ಗೆ ಹಾಕಿದಾಗ ಎರಡೂ ಕಿವಿಯ ಸ್ಪೀಕರ್‌ಗಳಿಗೆ ಗ್ರೌಂಡ್ ಸಿಗುವುದು ಮೈಕ್‌ನ ಮೂಲಕ ಸುತ್ತಿಕೊಂಡು. ಆಗ ಎಡಬಲಗಳ ವ್ಯತ್ಯಾಸ ಮಾತ್ರ ಚೆನ್ನಾಗಿ ಕೇಳುತ್ತದೆ, ಎರಡರಲ್ಲೂ ಸಮನಾಗಿರುವುದು ಅಳಿಸಿಹೋಗುತ್ತದೆ. ಗಾಯಕರ ದನಿ ಸಾಮಾನ್ಯವಾಗಿ ನಡುವೆ, ಅಂದರೆ ಎರಡೂ ಕಡೆ ಸಮನಾಗಿ ಇರುತ್ತದೆ, ಹಾಗಾಗಿ ಅದೇ ಮಾಯವಾಗುತ್ತದೆ. ಗುಂಡಿ ಒತ್ತಿದಾಗ ಅದು ಮೈಕ್ ತಂತಿಯನ್ನು ಗ್ರೌಂಡ್‌ಗೆ ಶಾರ್ಟ್ ಮಾಡುವುದರಿಂದ ಸ್ಪೀಕರ್‌ಗಳಿಗೆ ನೇರ ದಾರಿ ಸಿಗುತ್ತದೆ. ನಿಮ್ಮ ಗುಂಡಿಯ ಪ್ರಯೋಗವೇ ಇದಕ್ಕೆ ಪಕ್ಕಾ ಸಾಕ್ಷಿ. ಒಎಂಟಿಪಿಯಿಂದ ಸಿಟಿಐಎಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ.

ತರಗತಿಕೋಣೆ
ಇಯರ್‌ಫೋನ್ ಕೆಟ್ಟಿದೆ ಎಂದು ಬದಿಗಿಟ್ಟವರು ಎಷ್ಟು ಜನರೋ! 

ಹಳೆರೇಡಿಯೊ
ಓದುದನಿಯವರ ಮೈಕ್ ಕಂಡೆನ್ಸರ್ ಆಗಿದ್ದರೆ ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ತಂತಿಯ ಮೂಲಕವೇ ಕೊಡುವ ವಿದ್ಯುತ್, ಬೇಕು. ಲ್ಯಾಪ್‌ಟಾಪ್ ಅದನ್ನು ಕೊಡುವುದಿಲ್ಲ. ಅಡಾಪ್ಟರ್ ಕೊಂಡರೂ ಫಲವಿಲ್ಲ.

ಬೆಸುಗೆಕಡ್ಡಿ
ಹಿರಿಯರೇ, ಆ ಮಾತು ಎಕ್ಸ್‌ಎಲ್‌ಆರ್ ಕನೆಕ್ಟರ್ ಇರುವ ಸ್ಟುಡಿಯೊ ಮೈಕ್‌ಗಳಿಗೆ ಸರಿ. ಕಾಲರ್ ಮೈಕ್‌ನಲ್ಲಿರುವುದು ಎಲೆಕ್ಟ್ರೆಟ್ ಕ್ಯಾಪ್ಸೂಲ್. ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ ಬಗೆ. ಅದರ ಪದರದಲ್ಲಿ ವಿದ್ಯುದಾವೇಶ ಶಾಶ್ವತವಾಗಿ ನಿಂತಿರುತ್ತದೆ, ಹಾಗಾಗಿ ದೊಡ್ಡ ವೋಲ್ಟೇಜ್ ಬೇಕಿಲ್ಲ. ಒಳಗಿರುವ ಪುಟ್ಟ ಟ್ರಾನ್ಸಿಸ್ಟರ್‌ಗೆ ಮಾತ್ರ ಎರಡು ಮೂರು ವೋಲ್ಟ್ ಸಾಕು. ಅದನ್ನು ಜ್ಯಾಕ್‌ನ ಮೈಕ್ ಕಾಂಟ್ಯಾಕ್ಟ್ ತಾನೇ ಕೊಡುತ್ತದೆ, ಸಾಮಾನ್ಯವಾಗಿ 2.2 ಕಿಲೊಓಮ್ ರೆಸಿಸ್ಟರ್ ಮೂಲಕ. ಇದಕ್ಕೆ ಪ್ಲಗ್-ಇನ್ ಪವರ್ ಎನ್ನುತ್ತಾರೆ.

ಹಳೆರೇಡಿಯೊ
ವಿವರಣೆಗೆ ಸಂತೋಷ. ಹಾಗಾದರೆ ನನ್ನ ಬಳಿ ಇರುವ ವೇದಿಕೆಯ ಡೈನಾಮಿಕ್ ಮೈಕ್‌ಗೆ ಯಾವ ವಿದ್ಯುತ್ತೂ ಬೇಡವಲ್ಲ. 6.35 ಮಿಲಿಮೀಟರ್ ಪಿನ್‌ಗೆ ಚಿಕ್ಕ ಪಿನ್‌ನ ಅಡಾಪ್ಟರ್ ಹಾಕಿ ಇದೇ ಜ್ಯಾಕ್‌ಗೆ ಕೊಟ್ಟರೆ ಆಗಬೇಕಲ್ಲ? ಆಗುತ್ತಿಲ್ಲ.

ಅಲೆಮಾಪಕ
ಡೈನಾಮಿಕ್ ಮೈಕ್ ಒಳಗಿರುವುದು ತಂತಿಯ ಸುರುಳಿ. ಅದರ ಪ್ರತಿರೋಧ ಕೆಲವು ನೂರು ಓಮ್ ಅಷ್ಟೇ. ಹೆಡ್‌ಸೆಟ್ ಜ್ಯಾಕ್ ಮೈಕ್ ಇದೆಯೋ ಇಲ್ಲವೋ ಎಂದು ನೋಡುವುದು ಈ ಪ್ರತಿರೋಧವನ್ನು ಅಳೆದು. ಆಂಡ್ರಾಯ್ಡ್‌ನ ಹೆಡ್‌ಸೆಟ್ ನಿಯಮದಲ್ಲಿ ಮೈಕ್ ಎಂದರೆ 1000 ಓಮ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಅದರ ಕೆಳಗಿನ 0, 135, 240, 470 ಓಮ್‌ಗಳು ಗುಂಡಿ ಒತ್ತಿದ್ದಕ್ಕೆ ಗುರುತುಗಳು. ಲ್ಯಾಪ್‌ಟಾಪ್‌ಗಳ ಮಿತಿ ಒಂದೊಂದರಲ್ಲಿ ಒಂದೊಂದು ಇದ್ದೀತು, ವಿಧಾನ ಇದೇ. ನಿಮ್ಮ ಸುರುಳಿಯನ್ನು ಅದು ಮೈಕ್ ಎಂದೇ ಪರಿಗಣಿಸುತ್ತಿಲ್ಲ.

ಪರಿಗಣಿಸಿದರೂ ದನಿ ಸಾಲದು. ಶೂರ್ ಎಸ್‌ಎಂ58 ಎಂಬ ಡೈನಾಮಿಕ್ ಮೈಕ್ ತೆಗೆದುಕೊಳ್ಳಿ, 1 ಪ್ಯಾಸ್ಕಲ್ ಸದ್ದಿನ ಒತ್ತಡಕ್ಕೆ ಅದು ಕೊಡುವುದು 1.85 ಮಿಲಿವೋಲ್ಟ್. ಅದನ್ನು ಲ್ಯಾಪ್‌ಟಾಪಿನ ಚಿಪ್ ಹಿಗ್ಗಿಸಲು ಹೊರಟರೆ ದನಿಗಿಂತ ಗೊರಗೊರವೇ ಮುಂದೆ ಬರುತ್ತದೆ. ಅಂಥ ಮೈಕ್‌ಗೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್ ದನಿ ಹಿಗ್ಗಿಸಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ಬೇಕು.

ಹಳೆರೇಡಿಯೊ
ಅರ್ಥವಾಯಿತು. ಇಂಟರ್‌ಫೇಸ್ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ.

ಗಾಳಿಪಟ
ಇಷ್ಟೆಲ್ಲ ತಲೆನೋವು ಯಾಕೆ? ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಳ್ಳಿ. ತಂತಿಯೇ ಇಲ್ಲ.

ಅಲೆಮಾಪಕ
ಧ್ವನಿಮುದ್ರಣಕ್ಕೆ ಅದು ಸಲ್ಲದು. ಸಾಮಾನ್ಯ ಬ್ಲೂಟೂತ್‌ನಲ್ಲಿ ಮೈಕ್ ಚಾಲೂ ಆದೊಡನೆ ಹೆಡ್‌ಸೆಟ್ ಫೋನ್ ಕರೆಯ ಪ್ರೊಫೈಲ್‌ಗೆ ಇಳಿಯುತ್ತದೆ. ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬುದು) 8 ಕಿಲೊಹರ್ಟ್ಜ್, ಸ್ವಲ್ಪ ಉತ್ತಮವಾದರೆ 16. ದರದ ಅರ್ಧದವರೆಗಿನ ಸದ್ದು ಮಾತ್ರ ಹಿಡಿಯುತ್ತದೆ, ಹಾಗಾಗಿ ಎಂಟು ಎಂದರೆ 4 ಕಿಲೊಹರ್ಟ್ಜ್ ಮೇಲಿನ ಸದ್ದು ಪೂರ್ತಿ ಹೋಯಿತು. ಸ, ಶ, ಷ ಅಕ್ಷರಗಳ ಗುರುತಿನ ದೊಡ್ಡ ಪಾಲು ಇರುವುದು ಆ ಮೇಲಿನ ಭಾಗದಲ್ಲಿ. ಕಿವಿಯನ್ನೇ ನಂಬಿ ಪಾಠ ಕಲಿಯುವ ಮಕ್ಕಳಿಗೆ ಅದನ್ನು ಕಳೆದು ಕೊಡುವುದು ನ್ಯಾಯವಲ್ಲ.

ಗಾಳಿಪಟ
ಕರೆಗಳಿಗೆ ನನಗೆ ಸಾಕಾಗಿದೆ. ಪುಸ್ತಕ ಓದುವುದಕ್ಕೆ ಬೇಡ ಎನ್ನುವುದು ಸರಿ.

ಓದುದನಿ
ಇಲ್ಲಿಯವರೆಗೆ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಯಾರಕರ ಡ್ರೈವರ್, ರಿಯಲ್‌ಟೆಕ್ ಕನ್ಸೋಲ್ ಎರಡೂ ಹಾಕಿದೆ. ಪಾಪ್‌ಅಪ್ ಆಯ್ಕೆ ನನ್ನ ಯಂತ್ರದಲ್ಲಿ ಇಲ್ಲ. ಮನೆಯಲ್ಲಿ ವೈ ಆಕಾರದ ಸ್ಪ್ಲಿಟರ್ ಒಂದು ಇತ್ತು, ಅದಕ್ಕೆ ಹಾಕಿ ನೋಡಿದರೂ ಮೈಕ್ ಬರಲಿಲ್ಲ. 

ಬೆಸುಗೆಕಡ್ಡಿ
ಆ ಸ್ಪ್ಲಿಟರ್‌ನ ಪಿನ್‌ನಲ್ಲಿ ಎಷ್ಟು ಪಟ್ಟಿ? ಎರಡೂ ಸಾಕೆಟ್ ಮೇಲೆ ಹೆಡ್‌ಫೋನ್ ಚಿತ್ರವೇ ಇದ್ದರೆ ಅದು ಇಬ್ಬರು ಒಟ್ಟಿಗೆ ಹಾಡು ಕೇಳುವುದಕ್ಕೆ ಮಾಡಿದ್ದು. ನಿಮಗೆ ಬೇಕಾದುದರಲ್ಲಿ ಒಂದು ಕಡೆ ಹೆಡ್‌ಫೋನ್, ಇನ್ನೊಂದು ಕಡೆ ಮೈಕ್ ಚಿತ್ರ ಇರುತ್ತದೆ, ಪಿನ್‌ಗೆ ಮೂರು ಪಟ್ಟಿ.

ಓದುದನಿ
ಎರಡು ಪಟ್ಟಿ, ಎರಡೂ ಕಡೆ ಹೆಡ್‌ಫೋನ್ ಚಿತ್ರ. ಮೂರು ಪಟ್ಟಿಯದನ್ನೇ ತರಿಸುತ್ತೇನೆ.

ಮಳೆಬಿಲ್ಲು
ತರಿಸುವಾಗ ದಿಕ್ಕು ನೋಡಿಕೊಳ್ಳಿ. ಒಂದೇ ಬಗೆಯಲ್ಲಿ ಕಾಣುವ ಎರಡು ಅಡಾಪ್ಟರ್‌ಗಳಿವೆ. ರೋಡ್ ಸಂಸ್ಥೆಯ ಎಸ್‌ಸಿ3 ಫೋನ್ ಮೈಕನ್ನು ಕ್ಯಾಮೆರಾಗೆ ಜೋಡಿಸುವುದಕ್ಕೆ, ಎಸ್‌ಸಿ4 ಕ್ಯಾಮೆರಾ ಮೈಕನ್ನು ಫೋನ್‌ಗೆ ಜೋಡಿಸುವುದಕ್ಕೆ. ನಿಮಗೆ ಬೇಕಿರುವುದು ಎರಡನೆಯ ಬಗೆ. ಬೇರೆ ಯಾವ ತಯಾರಕರದ್ದಾದರೂ ಸರಿ, ಹೆಣ್ಣು ಸಾಕೆಟ್ ಟಿಆರ್‌ಎಸ್, ಗಂಡು ಪಿನ್ ಟಿಆರ್‌ಆರ್‌ಎಸ್ ಎಂದು ಬರೆದಿರಲಿ.

ಸೇಬುಹೋಳು
ಮ್ಯಾಕ್‌ಬುಕ್‌ನವರಿಗೂ ಇದೇ ಅಡಾಪ್ಟರ್ ಆಗುತ್ತದೆ, ಅದರ ಜ್ಯಾಕ್ ಕೂಡ ಸಿಟಿಐಎ. ಸರಿಯಾಗಿ ಹಿಡಿದರೆ ಸೌಂಡ್ ಸೆಟ್ಟಿಂಗ್ಸ್‌ನ ಇನ್‌ಪುಟ್ ಪಟ್ಟಿಯಲ್ಲಿ ‘ಎಕ್ಸ್‌ಟರ್ನಲ್ ಮೈಕ್ರೊಫೋನ್’ ಎಂಬ ಸಾಲು ಹೊಸದಾಗಿ ಮೂಡುತ್ತದೆ. ಮೂಡದಿದ್ದರೆ ಪಿನ್ ಅಥವಾ ಅಡಾಪ್ಟರ್ ಕಡೆ ನೋಡಿ.

ಅಲೆಮಾಪಕ
ಅಡಾಪ್ಟರ್ ಬಂದ ಮೇಲೆ ಒಂದು ಕ್ರಮ ಪಾಲಿಸಿ. ಮೈಕನ್ನೂ ಹೆಡ್‌ಫೋನನ್ನೂ ಮೊದಲು ಸ್ಪ್ಲಿಟರ್‌ಗೆ ಸಿಕ್ಕಿಸಿ, ಸ್ಪ್ಲಿಟರನ್ನು ಲ್ಯಾಪ್‌ಟಾಪಿಗೆ ಹಾಕುವುದು ಕೊನೆಗೆ. ಚಿಪ್ ಅಳತೆ ಮಾಡುವುದು ಪಿನ್ ಒಳಗೆ ಹೋದ ಕ್ಷಣದಲ್ಲಿ. ಖಾಲಿ ಸ್ಪ್ಲಿಟರ್ ಮೊದಲು ಹೋದರೆ ಮೈಕ್ ಇಲ್ಲ ಎಂದು ತೀರ್ಮಾನಿಸಿಬಿಡುತ್ತದೆ, ಆಮೇಲೆ ಮೈಕ್ ಸಿಕ್ಕಿಸಿದರೆ ಎಷ್ಟೋ ಯಂತ್ರಗಳು ಮತ್ತೆ ನೋಡುವುದಿಲ್ಲ.

ಪಿನ್ ಪೂರ್ತಿ ಒಳಗೆ ಕೂರಬೇಕು. ದಪ್ಪ ರಬ್ಬರ್ ಹಿಡಿ ಇರುವ ಪಿನ್‌ಗಳು ಕವಚಕ್ಕೆ ತಾಗಿ ಕೂದಲೆಳೆಯಷ್ಟು ಹೊರಗೆ ಉಳಿಯುತ್ತವೆ. ಅಷ್ಟು ಸಾಕು, ಕಾಂಟ್ಯಾಕ್ಟ್‌ಗಳು ತಪ್ಪುತ್ತವೆ. ಕೊನೆಯ ‘ಟಕ್’ ಬೆರಳಿಗೆ ತಿಳಿಯಬೇಕು. ಜ್ಯಾಕ್ ಒಳಗೆ ಬಟ್ಟೆಯ ನಾರು, ಧೂಳು ಸೇರಿದ್ದರೆ ಟಾರ್ಚ್ ಬಿಟ್ಟು ನೋಡಿ, ಸೂಜಿ ಹಾಕಿ ಕೆದಕಬೇಡಿ.

ಓದುದನಿ
ಬಂತು! ಮೂರು ಪಟ್ಟಿಯ ಸ್ಪ್ಲಿಟರ್ ಹಾಕಿದೆ, ಹೇಳಿದ ಕ್ರಮದಲ್ಲೇ. ಇನ್‌ಪುಟ್ ಪಟ್ಟಿಯಲ್ಲಿ ಹೊಸ ಮೈಕ್ ಕಾಣುತ್ತಿದೆ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಫ್ಯಾನ್ ಸದ್ದು ಹಾಗೇ ಇದೆ. ಇದು ಕಾಲರ್ ಮೈಕ್‌ನ ದನಿಯೋ ಅಲ್ಲವೋ ಎಂಬ ಅನುಮಾನ.

ನೀಲಿಪರದೆ
ರೆಕಾರ್ಡಿಂಗ್ ಓಡುತ್ತಿರುವಾಗ ಕಾಲರ್ ಮೈಕ್‌ನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚನ್ನು ಕೆರೆಯಿರಿ. ಯಾವ ಕೆರೆತ ಜೋರಾಗಿ ದಾಖಲಾಯಿತೋ ಆ ಮೈಕ್ ಚಾಲೂ ಇದೆ. ಒಳಗಿನ ಮೈಕ್ ಕೆಲವದರಲ್ಲಿ ಕೀಬೋರ್ಡ್ ಬಳಿ ಇರುತ್ತದೆ, ಅಲ್ಲೂ ನೋಡಿ.

ವಿಂಡೋಸ್‌ನಲ್ಲಿ ಡೀಫಾಲ್ಟ್ ಸಾಧನ ಬೇರೆ, ಕರೆಗಳಿಗೆ ಡೀಫಾಲ್ಟ್ ಸಾಧನ ಬೇರೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಮೈಕ್ ಆರಿಸಿದರೂ ರೆಕಾರ್ಡಿಂಗ್ ತಂತ್ರಾಂಶ ತನ್ನ ಹಳೆಯ ಆಯ್ಕೆಯನ್ನೇ ಹಿಡಿದುಕೊಂಡಿರಬಹುದು. ಅಡಾಸಿಟಿ ಬಳಸುತ್ತಿದ್ದರೆ ಅದರೊಳಗೇ ಮೈಕ್ ಆಯ್ಕೆ ಇದೆ. ಸಾಧನಗಳ ಪಟ್ಟಿ ಹಳೆಯದಾಗಿ ಕಂಡರೆ ಮತ್ತೆ ಸ್ಕ್ಯಾನ್ ಮಾಡುವ ಆಯ್ಕೆಯೂ ಇದೆ. 

ಪೆಂಗ್ವಿನ್ ಬಳಗ
ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಅನುಮತಿ ‘ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ’ ಎಂಬುದೂ ತೆರೆದಿರಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್ ಮೇಲೆ ಮೈಕ್ ಮ್ಯೂಟ್ ಕೀ ಬೇರೆ ಇರುತ್ತದೆ, ಅದರ ದೀಪ ಗಮನಿಸಿ.

ಓದುದನಿ
ಉಗುರಿನ ಪರೀಕ್ಷೆಯಿಂದ ತಕ್ಷಣ ಗೊತ್ತಾಯಿತು, ಅಡಾಸಿಟಿ ಒಳಗಿನ ಮೈಕನ್ನೇ ಹಿಡಿದಿತ್ತು. ಬದಲಾಯಿಸಿದೆ. ಈಗ ಕಾಲರ್ ಮೈಕ್‌ನ ದನಿ ಬರುತ್ತಿದೆ! ಫ್ಯಾನ್ ಸದ್ದು ಬಹುತೇಕ ಇಲ್ಲ. ಆದರೆ ದನಿ ಸಣ್ಣ. ಮೈಕ್ ದನಿಯನ್ನು ಹಿಗ್ಗಿಸುವ ಬೂಸ್ಟ್ 30 ಡೆಸಿಬಲ್‌ಗೆ ಏರಿಸಿದರೆ ಹಿಂದೆ ‘ಸ್ಸ್’ ಎಂಬ ಸದ್ದು, ಜೊತೆಗೆ ‘ಗುಂಯ್’ ಎನ್ನುವುದೂ ಇದೆ.

ಅಲೆಮಾಪಕ
‘ಗುಂಯ್’ ಬಗ್ಗೆ ಮೊದಲು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಹೋದರೆ ಅದು ಚಾರ್ಜರ್‌ನಿಂದ ಬರುವ ಸದ್ದು.

‘ಸ್ಸ್’ ಎನ್ನುವುದು ಚಿಪ್‌ನದೇ ಗದ್ದಲ, ಬೂಸ್ಟ್ ಏರಿಸಿದಷ್ಟೂ ಅದೂ ಏರುತ್ತದೆ. ಬೂಸ್ಟ್ 10ಕ್ಕೆ ಇಳಿಸಿ, ಮೈಕನ್ನು ಬಾಯಿಗೆ ಹತ್ತಿರ ತನ್ನಿ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಅದಕ್ಕೆ ಗದ್ದಲದ ಬೆಲೆ ತೆರಬೇಕಿಲ್ಲ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಉಸಿರು ನೇರವಾಗಿ ಬೀಳದಂತೆ ತುಸು ಪಕ್ಕಕ್ಕೆ. ಮೀಟರ್‌ನಲ್ಲಿ ಜೋರಾದ ಪದಗಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಬಿದ್ದರೆ ಸಾಕು. ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಿ. ಅದರ ಗದ್ದಲ ತಡೆ ಪದದ ಕೊನೆಯ ಮೆಲುಸ್ವರವನ್ನೂ ಗದ್ದಲವೆಂದು ಕತ್ತರಿಸುತ್ತದೆ.

ಬೆಸುಗೆಕಡ್ಡಿ
ಇಷ್ಟರಲ್ಲಿ ಸರಿಹೋಗದಿದ್ದರೆ ಯುಎಸ್‌ಬಿ ಸೌಂಡ್ ಅಡಾಪ್ಟರ್ ಒಂದು ದಾರಿ. ಹೆಬ್ಬೆರಳಷ್ಟು ಗಾತ್ರ, ಮೈಕ್‌ಗೆ ಬೇರೆ ಸಾಕೆಟ್ ಇರುವುದನ್ನು ಆರಿಸಿ. ಲ್ಯಾಪ್‌ಟಾಪಿನ ಜ್ಯಾಕ್ ಗೊಡವೆಯೇ ಇರುವುದಿಲ್ಲ, ಎರಡು ಪಟ್ಟಿಯ ಮೈಕ್ ನೇರವಾಗಿ ಹೋಗುತ್ತದೆ. ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಕೂಡ ಬೇಡ.

ನೀಲಿಪರದೆ
ಅದನ್ನೇ ಮೊದಲು ಹೇಳಿದ್ದರೆ ಅವರಿಗೆ ಇಷ್ಟು ಓಡಾಟ ಉಳಿಯುತ್ತಿತ್ತು.

ಬೆಸುಗೆಕಡ್ಡಿ
ಜ್ಯಾಕ್ ಸರಿಯಿದ್ದಾಗ ಇನ್ನೊಂದು ಸಾಧನ ಕೊಳ್ಳಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಡಾಪ್ಟರ್ ಅದಕ್ಕಿಂತ ಅಗ್ಗ, ಏನಾಗುತ್ತಿದೆ ಎಂಬುದೂ ತಿಳಿಯುತ್ತದೆ.

ಓದುದನಿ
ಚಾರ್ಜರ್ ತೆಗೆದೊಡನೆ ‘ಗುಂಯ್’ ಹೋಯಿತು. ಮೈಕ್ ಹತ್ತಿರ ತಂದು ಬೂಸ್ಟ್ 10ಕ್ಕೆ ಇಟ್ಟಿದ್ದೇನೆ, ಎನ್‌ಹಾನ್ಸ್‌ಮೆಂಟ್ಸ್ ಆಫ್. ಸಮಾಜ ವಿಜ್ಞಾನದ ಮೊದಲ ಪಾಠ ಮುದ್ರಿಸಿ ಒಬ್ಬ ವಿದ್ಯಾರ್ಥಿನಿಗೆ ಕಳಿಸಿದೆ. ‘ಶ’ ಮತ್ತು ‘ಷ’ ಬೇರೆಯಾಗಿ ಕೇಳುತ್ತದೆ ಎಂದು ಅವಳೇ ಹೇಳಿದಳು. ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಅಲೆಮಾಪಕ
ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮಡಿಲುಪೆಟ್ಟಿಗೆ
ಎಳೆ ಪೂರ್ತಿ ಓದಿದೆ. ನನ್ನದು ಮೂರು ಪಟ್ಟಿಯ ಫೋನ್ ಮೈಕ್, ಲ್ಯಾಪ್‌ಟಾಪಿನಲ್ಲಿ ನೇರವಾಗಿ ಕೆಲಸ ಮಾಡುತ್ತದೆ. ಆದರೆ ಮೈಕ್ ಹಾಕಿದಾಗ ಸ್ಪೀಕರ್ ನಿಂತುಹೋಗುತ್ತದೆ, ಕೇಳಿಸಿಕೊಳ್ಳುವುದು ಹೇಗೆ?

ಬೆಸುಗೆಕಡ್ಡಿ
ಹೆಡ್‌ಫೋನ್ ಕೂಡ ಬಂದಿದೆ ಎಂದು ಅದು ತಿಳಿದುಕೊಂಡಿದೆ. ಸೌಂಡ್ ಸೆಟ್ಟಿಂಗ್ಸ್‌ನ ಔಟ್‌ಪುಟ್‌ನಲ್ಲಿ ಸ್ಪೀಕರ್ ಬೇರೆಯಾಗಿ ಕಂಡರೆ ಅದನ್ನೇ ಆರಿಸಿ. ಕಾಣದಿದ್ದರೆ ರಿಯಲ್‌ಟೆಕ್ ಕನ್ಸೋಲ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಎರಡನ್ನೂ ಬೇರ್ಪಡಿಸುವ ಆಯ್ಕೆ ಇದೆಯೇ ನೋಡಿ. ಮುದ್ರಿಸುವಾಗ ಮಾತ್ರ ಸ್ಪೀಕರ್ ಆಫ್ ಇರಲಿ, ಇಲ್ಲದಿದ್ದರೆ ಅದರ ಸದ್ದು ಮೈಕ್‌ಗೆ ಮರಳಿ ಬರುತ್ತದೆ.